ಬಾತು ಮರಿ ಮಾಡುವಾಗ ತೇವದ ಮೇಲೆಯೇ ನನ್ನ ಕಣ್ಣು

ನಮ್ಮದು ನಾಲೆ ನೀರಿನ ಭತ್ತದ ಸೀಮೆ. ನಾನು ಸಾಕುವುದು ಖಾಕಿ ಕ್ಯಾಂಪ್‌ಬೆಲ್ ತಳಿ. ಮೊಟ್ಟೆ ಧಾರಾಳವಾಗಿ ಇಡುತ್ತದೆ, ಕಾವಿಗೆ ಕೂರುವುದು ಮಾತ್ರ ಅಪರೂಪ. ಹತ್ತು ಮೊಟ್ಟೆಯಾದರೆ ಕಾವಿಗೆ ಬಂದ ನಾಟಿ ಕೋಳಿಯ ಕೆಳಗೆ ಇಡುತ್ತೇನೆ, ಜಾಸ್ತಿಯಿದ್ದರೆ ಇನ್‌ಕ್ಯುಬೇಟರ್‌ಗೆ, ಅಂದರೆ ಕಾವು ಕೊಡುವ ಯಂತ್ರಕ್ಕೆ. ಕೋಳಿ ಮರಿ 21 ದಿನಕ್ಕೆ ಬಂದರೆ ಬಾತು ಮರಿಗೆ 28 ದಿನ ಬೇಕು.

ಐದಾರು ಹೆಣ್ಣಿಗೆ ಒಂದು ಗಂಡು ಇರಬೇಕು. ಬಾತು ಬೆಳಗಿನ ಜಾವಕ್ಕೇ ಮೊಟ್ಟೆ ಇಡುತ್ತದೆ. ಅದಕ್ಕೇ ರಾತ್ರಿ ಕೊಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ, ಬಿಸಿಲೇರಿದ ಮೇಲೆ ಹೊರಗೆ ಬಿಡುತ್ತೇನೆ. ಕೆಸರು ಮೆತ್ತಿದ ಮೊಟ್ಟೆಯನ್ನು ಕಾವಿಗೆ ಇಡುವುದೇ ಇಲ್ಲ. ಅದು ಒಳಗೆ ಕೊಳೆತು ಒಡೆದರೆ ಪಕ್ಕದ ಮೊಟ್ಟೆಗಳೂ ಹೋದಂತೆ. ಆರಿಸಿದವನ್ನು ಚೂಪು ತುದಿ ಕೆಳಗಾಗಿ ತಂಪು ಜಾಗದಲ್ಲಿಟ್ಟು, ಒಂದು ವಾರದೊಳಗೆ ಕಾವಿಗೆ ಹಾಕಿಬಿಡುತ್ತೇನೆ.

ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ ಶಾಖ 37.5 ಡಿಗ್ರಿ ಇಡುತ್ತೇನೆ. ಶಾಖ ಕಾಯುವುದು ಸುಲಭ, ಕಷ್ಟವೆಲ್ಲ ತೇವದ್ದು. ಮೊಟ್ಟೆಯೊಳಗಿನ ನೀರು ಹದವಾಗಿ ಆರಬೇಕು. ಆರದಿದ್ದರೆ ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಕೋಶ ಚಿಕ್ಕದಾಗಿ ಮರಿ ಒಳಗೇ ಉಸಿರುಗಟ್ಟುತ್ತದೆ. ತೀರಾ ಆರಿದರೆ ಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಇದಕ್ಕೆ ನಾನು ನಂಬುವುದು ಸಣ್ಣ ತಕ್ಕಡಿ. 70 ಗ್ರಾಂ ಮೊಟ್ಟೆ 25ನೇ ದಿನಕ್ಕೆ ಹೆಚ್ಚುಕಮ್ಮಿ 61 ಗ್ರಾಂಗೆ ಇಳಿದಿರಬೇಕು. ಇಳಿದಿದ್ದು ಸಾಲದಿದ್ದರೆ ನೀರಿನ ತಟ್ಟೆ ಚಿಕ್ಕದು ಮಾಡುತ್ತೇನೆ, ಮಳೆಗಾಲದಲ್ಲಿ ಇದು ಮಾಮೂಲು. ಎರಡನೇ ವಾರದಿಂದ ದಿನಕ್ಕೊಮ್ಮೆ ಹತ್ತು ನಿಮಿಷ ಮುಚ್ಚಳ ತೆರೆದು, ಉಗುರುಬೆಚ್ಚಗಿನ ನೀರು ಚಿಮುಕಿಸುತ್ತೇನೆ. ಭ್ರೂಣ ಬೆಳೆದಂತೆ ಅದರದ್ದೇ ಶಾಖ ಏರುತ್ತದಲ್ವಾ, ಅದು ಆರಬೇಕು. 25ನೇ ದಿನಕ್ಕೆ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ತೇವ ಏರಿಸುತ್ತೇನೆ. ಚಿಪ್ಪಿಗೆ ತೂತು ಬಿದ್ದ ಮೇಲೂ ಮರಿ ಹೊರಬರಲು ಒಂದು ದಿನ ಹಿಡಿಯಬಹುದು. ಆಗ ದಯವಿಟ್ಟು ಚಿಪ್ಪು ಸುಲಿಯಬೇಡಿ. ರಕ್ತನಾಳ ಹರಿದರೆ ಮರಿ ಉಳಿಯುವುದಿಲ್ಲ.

ಮರಿ ಹೊರಬಂದ ಮೇಲೆ ಲೆಕ್ಕ ತಿರುಗುತ್ತದೆ. ಈಗ ಬೇಕಾದದ್ದು ಒಣ ನೆಲ. ಮೊದಲ ವಾರ ಬಲ್ಬಿನ ಕೆಳಗೆ 32 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತೇನೆ. ಥರ್ಮಾಮೀಟರ್‌ಗಿಂತ ಮರಿಗಳೇ ಚೆನ್ನಾಗಿ ಹೇಳುತ್ತವೆ: ಗುಂಪುಗಟ್ಟಿದರೆ ಚಳಿ, ಬಾಯಿ ತೆರೆದು ದೂರ ಹೋದರೆ ಸೆಕೆ. ನೀರಿನ ಪಾತ್ರೆಯಲ್ಲಿ ಮೂಗಿನ ತೂತು ಮುಳುಗುವಷ್ಟು ಆಳ ಇರಲಿ, ಮೈ ಮುಳುಗುವಷ್ಟು ಬೇಡ. ಪಾತ್ರೆಯನ್ನು ತಂತಿ ಜಾಲರಿಯ ಮೇಲಿಟ್ಟರೆ ಹಾಸಿಗೆ ನೆನೆಯುವುದಿಲ್ಲ. ಮೇವು ಕೊಡುವಾಗ ನೀರು ಪಕ್ಕದಲ್ಲೇ ಇರಬೇಕು, ಒಣ ಹಿಟ್ಟು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಮೇವಿನ ವಿಷಯಕ್ಕೆ ನಾನು ತುಂಬಾ ಹೆದರುತ್ತೇನೆ. ಬೂಸ್ಟು ಹಿಡಿದ ಕಡ್ಲೆಕಾಯಿ ಹಿಂಡಿ, ಮೆಕ್ಕೆಜೋಳದಲ್ಲಿನ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತು ಮರಿ ಕೋಳಿ ಮರಿಗಿಂತ ಬೇಗ ಬಲಿಯಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಹಿಂಡಿ ತಿಂದು ಟರ್ಕಿ ಕೋಳಿಗಳ ಜೊತೆ ಬಾತು ಮರಿಗಳೂ ಸತ್ತವು. ಹಾಗಾಗಿ ಕಲಸಿದ ಮೇವು ಮಿಕ್ಕರೆ ಅವತ್ತೇ ಎಸೆಯುತ್ತೇನೆ. ಬಾತು ಮರಿಗೆ ನಯಾಸಿನ್ ಎಂಬ ಬಿ ವಿಟಮಿನ್ ಕೂಡ ಕೋಳಿ ಮರಿಗಿಂತ ಜಾಸ್ತಿ ಬೇಕು. ಕೊರತೆಯಾದರೆ ಕಾಲು ಸೊಟ್ಟಗಾಗುತ್ತದೆ. ಕೋಳಿ ಮರಿಯ ಮೇವನ್ನೇ ಕೊಡುವವರು ನಯಾಸಿನ್ ಇರುವ ಬ್ರೂವರ್ಸ್ ಯೀಸ್ಟ್ (ಬಿಯರ್ ತಯಾರಿಕೆಯ ಯೀಸ್ಟ್) ಬೆರೆಸಿದರೆ ಒಳ್ಳೆಯದು. ನಾನಂತೂ ಬೆರೆಸಿಯೇ ಕೊಡುತ್ತೇನೆ.

ಇನ್‌ಕ್ಯುಬೇಟರ್ ಮರಿಗೆ ತಾಯಿಯ ಗರಿಯ ಎಣ್ಣೆ ಸಿಗುವುದಿಲ್ಲ, ನೆನೆದರೆ ಚಳಿಗೆ ನಡುಗಿ ಸಾಯುತ್ತದೆ. ಮೈತುಂಬ ಗರಿ ಬಂದ ಮೇಲೆಯೇ ಗದ್ದೆ ನೀರಿಗೆ ಬಿಡುವುದು. ಅದೂ ಬಿಸಿಲಿರುವ ಹೊತ್ತಿನಲ್ಲಿ, ಮೊದಮೊದಲು ಸ್ವಲ್ಪ ಹೊತ್ತು ಮಾತ್ರ.