ತೂತಿಲ್ಲದ ಪಾತ್ರೆಗೆ ತೋಟದಲ್ಲಿ ಜಾಗವಿಲ್ಲ

ಹಳೆಯ ಮನೆ ಬಿಚ್ಚಿ ತಾರಸಿ ಕಟ್ಟಿಸುವವರ ಅಂಗಳದಲ್ಲಿ ಬಿದ್ದಿರುವ ಸಾಮಾನು ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಉಡುಪಿಯ ನಮ್ಮ ಮನೆಯಲ್ಲೂ ಹಾಗೆಯೇ ಬಿದ್ದಿತ್ತು: ಮಾಡಿನಿಂದ ಇಳಿಸಿದ ಹಂಚಿನ ರಾಶಿ, ತಳ ಸೋರುವ ಬಚ್ಚಲಿನ ತಾಮ್ರದ ಹಂಡೆ, ಅತ್ತೆಯ ಕಾಲದ ಕಡೆಯುವ ಕಲ್ಲು, ಕಿವಿ ಮುರಿದ ಪಿಂಗಾಣಿ ಕಪ್‌ಗಳು. ಗುಜರಿಯವನ ಕಣ್ಣು ಹಂಡೆಯ ಮೇಲೆ ಮಾತ್ರ. ನಾನು ಯಾವುದನ್ನೂ ಕೊಡಲಿಲ್ಲ. ಹನ್ನೆರಡು ಮಳೆಗಾಲ ಅವುಗಳ ಜೊತೆ ಗುದ್ದಾಡಿದ್ದೇನೆ. ಫೆಬ್ರವರಿಯಲ್ಲಿ ಚೆಂದ ಕಂಡದ್ದನ್ನು ನಮ್ಮ ಕರಾವಳಿಯಲ್ಲಿ ನಂಬುವ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ದಾಟಿ ನಿಂತದ್ದನ್ನಷ್ಟೇ ತೋಟದ ಅಲಂಕಾರ ಎನ್ನಿ.

ಮೊದಲು ಹಂಚು. ಇದು ಮಳೆಗೆಂದೇ ಹುಟ್ಟಿದ ವಸ್ತು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದಲ್ಲಿಂದ ನಮ್ಮ ಊರುಗಳ ಹಂಚಿಗೆ ಹೆಸರು ಬಂತು. ಹಳೆಯ ಹಂಚನ್ನು ಮಗುಚಿ ಬ್ರಷ್‌ನಿಂದ ಉಜ್ಜಿ ನೋಡಿ, ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿರುತ್ತದೆ. 1865 ಎಂದು ಕಂಡರೆ ಹಂಚಿಗೆ ಅಷ್ಟು ವಯಸ್ಸಾಗಿದೆ ಎಂದು ಹಿಗ್ಗಬೇಡಿ, ಅದು ಕಾರ್ಖಾನೆ ಶುರುವಾದ ವರ್ಷ. ಪಾತಿಯ ಅಂಚಿಗೆ ನೆಡುವಾಗ ಆ ಅಕ್ಷರದ ಮುಖ ದಾರಿಯ ಕಡೆಗಿರಲಿ. ನಾನು ಮೊದಲ ಸಲ ಒಳಮುಖವಾಗಿ ನೆಟ್ಟಿದ್ದೆ. ಮೊಮ್ಮಗಳು ಅದನ್ನು ಓದಲು ಸೇವಂತಿಗೆ ಗಿಡಗಳ ನಡುವೆ ಮಲಗಿದಳು. ಹಂಚಿನ ಮೂರನೆಯ ಒಂದು ಭಾಗ ಮಣ್ಣಿನೊಳಗೆ ಹೋಗಲಿ, ಬುಡಕ್ಕೆ ಕೆಂಪುಕಲ್ಲಿನ ಚೂರು ಹಾಕಿ ಗುದ್ದಿ. ಐದಾರು ಹಂಚಿಗೊಮ್ಮೆ ಎರಡು ಬೆರಳಿನಷ್ಟು ಸಂದು ಬಿಡುವುದನ್ನು ಮರೆಯಬೇಡಿ. ಸಂದಿಲ್ಲದೆ ಸುತ್ತ ಕೋಟೆ ಕಟ್ಟಿದ ವರ್ಷ ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಗೆ ಪಾತಿ ಕೆರೆಯಾಗಿ, ಶಂಕರಪುರದಿಂದ ತಂದು ನೆಟ್ಟ ಮಲ್ಲಿಗೆ ಗಿಡಗಳು ಬೇರು ಕೊಳೆತು ಸತ್ತವು.

ಹಂಚಿಗೆ ಬಣ್ಣ ಬಳಿಯುವ ಆಸೆ ಎಲ್ಲರಿಗೂ ಬರುತ್ತದೆ. ಸುಟ್ಟ ಮಣ್ಣು ಹಿಂಬದಿಯಿಂದ ನೀರು ಕುಡಿಯುತ್ತದೆ, ಮುಂಬದಿಯ ಪೇಂಟು ಹಪ್ಪಳದ ಹಾಗೆ ಏಳುತ್ತದೆ. ಚಿತ್ತಾರ ಬೇಕೆಂದರೆ ಸೂರಿನ ಅಡಿಗೆ, ಎರಚಲು ತಾಗದಲ್ಲಿ ಇಡಿ. ಬಯಲಿನಲ್ಲಿ ಇಡುವುದಾದರೆ ಬರಿಮೈಯಲ್ಲೇ ಬಿಡಿ. ಬೇರೆ ಊರುಗಳಲ್ಲಿ ಮಜ್ಜಿಗೆ ಬಳಿದು ಪಾಚಿ ಬೆಳೆಸುತ್ತಾರಂತೆ. ನಮ್ಮಲ್ಲಿ ಮಜ್ಜಿಗೆಯನ್ನು ಊಟಕ್ಕೆ ಇಟ್ಟುಕೊಳ್ಳಿ.

ಮಾಡಿನ ನೆತ್ತಿಯಲ್ಲಿ ಕೂರಿಸುವ ಬಾಗಿದ ಹಂಚು ಸಿಕ್ಕಿದರೆ ಅದು ಸೀತಾಳೆಗೆ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ. ಹಂಚನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಅಡಿಗೆ ಮರದ ಹಲಗೆ ಕೊಟ್ಟು, ಡ್ರಿಲ್ಲನ್ನು ಕುಟ್ಟುವ ಮೋಡಿನಲ್ಲಿ ಇಡದೆ ನಿಧಾನ ತಿರುಗಿಸಿದರೆ ಸೀಳದೆ ತೂತಾಗುತ್ತದೆ. ಎರಡು ತೂತಿನಿಂದ ಹುರಿಹಗ್ಗ ಪೋಣಿಸಿ ಮಾವಿನ ಮರಕ್ಕೆ ಕಟ್ಟಿ, ಹಂಚಿನ ಬೆನ್ನಿಗೆ ತೆಂಗಿನ ಸಿಪ್ಪೆಯ ಮೇಲೆ ಗಿಡ ಬಿಗಿಯಿರಿ. ಗಿಡ ನರ್ಸರಿಯದ್ದಾಗಿರಲಿ, ಕಾಡಿನಿಂದ ಕಿತ್ತು ತರಬೇಡಿ. ಕಪ್‌ಗಳಿಗೂ ಇದೇ ಉಪಾಯ, ಆದರೆ ಗಾಜು ಕೊರೆಯುವ ಬಿಟ್ ಬೇಕು. ತಳಕ್ಕೆ ಟೇಪ್ ಅಂಟಿಸಿ, ಹನಿ ಹನಿ ನೀರು ಬಿಡುತ್ತಾ ಕೊರೆಯಿರಿ. ನಾಲ್ಕರಲ್ಲಿ ಒಂದು ಒಡೆಯುತ್ತದೆ, ಒಡೆಯಲಿ. ಆ ಚೂರುಗಳನ್ನು ತುಳಸಿಕಟ್ಟೆಯ ಹತ್ತಿರದ ಮೆಟ್ಟಿಲಿಗೆ ಸಿಮೆಂಟಿನಲ್ಲಿ ಕೂರಿಸಿದ್ದೇನೆ, ಅಂಚು ಉಜ್ಜಿ ಮೊಂಡು ಮಾಡಿ. ಕಪ್ಪಿನ ಮೇಲೆ ಸಾಸರ್, ಸಾಸರಿನ ಮೇಲೆ ಕಪ್ ಎಂದು ಅಂಟಿನಿಂದ ಗೋಪುರ ಮಾಡುವ ವಿಡಿಯೊಗಳಿವೆಯಲ್ಲ, ನನ್ನದು ಮೊದಲ ಗಾಳಿಮಳೆಗೇ ಮಲಗಿತು.

ಹಂಡೆಗೆ ನಾನು ಬೆಸುಗೆ ಹಾಕಿಸಲಿಲ್ಲ. ಸೋರುವುದೇ ಅದರ ಯೋಗ್ಯತೆ. ಹುಣಸೆಹುಳಿ ಹಚ್ಚಿ ಬೆಳಗಿಸುವ ಗೋಜಿಗೂ ಹೋಗಬೇಡಿ, ಉಪ್ಪುಗಾಳಿ ಅದಕ್ಕೆ ತಾನಾಗಿಯೇ ಹಸಿರು ಬಣ್ಣ ಕೊಡುತ್ತದೆ. ಆದರೆ ತಾಮ್ರಕ್ಕೆ ನೇರವಾಗಿ ಮಣ್ಣು ತುಂಬಬೇಡಿ, ಬೇರಿಗೆ ಆಗುವುದಿಲ್ಲ. ಒಳಗೆ ಮಣ್ಣಿನ ಕುಂಡ ಇಟ್ಟು, ಹಂಡೆಯ ಅಡಿಗೆ ಮೂರು ಇಟ್ಟಿಗೆ ಕೊಡಿ. ಸೋರದ ಪಾತ್ರೆಯಾದರೆ ಮೊಳೆ ಹೊಡೆದಾದರೂ ತೂತು ಮಾಡಿ. ನಿಂತ ನೀರಿನಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ ಹತ್ತು ದಿನ ಸಾಕು, ಮಲೇರಿಯಾ ಡೆಂಗಿ ಎರಡನ್ನೂ ಕಂಡ ಊರುಗಳು ನಮ್ಮವು. ಬಣ್ಣ ಬಳಿದ ಟಯರುಗಳನ್ನು ನಾನು ಇದೇ ಕಾರಣಕ್ಕೆ ಗೇಟಿನೊಳಗೆ ಬಿಡುವುದಿಲ್ಲ. ಚೆಂದವೂ ಕಾಣುವುದಿಲ್ಲ, ಅದು ಬೇರೆ ಮಾತು.

ಕಡೆಯುವ ಕಲ್ಲಿಗೆ ಮಾತ್ರ ತೂತು ಮಾಡಲು ಮನಸ್ಸು ಬರಲಿಲ್ಲ. ಬೇಸಿಗೆಯಲ್ಲಿ ಅದರ ಗುಳಿ ಪಿಕಳಾರ ಹಕ್ಕಿಗಳ ಸ್ನಾನಕ್ಕೆ, ನೀರು ದಿನವೂ ಬೆಳಿಗ್ಗೆ ಬದಲಿಸಬೇಕು. ಮೇ ಕೊನೆಗೆ ಅಡಿಕೆ ಮರದ ತುಂಡುಗಳ ಮೇಲೆ ಉರುಳಿಸಿಕೊಂಡು ಹೋಗಿ ಜಗಲಿಯ ಸೂರಿನ ಅಡಿಗೆ ಸೇರಿಸುತ್ತೇವೆ. ಎತ್ತಲು ಹೋಗಿ ಸೊಂಟ ಮುರಿದುಕೊಳ್ಳಬೇಡಿ. ದೀಪಾವಳಿ ಕಳೆದ ಮೇಲೆ ಮತ್ತೆ ಅಂಗಳಕ್ಕೆ. ಆಗ ಬರಿಗೈಯನ್ನು ಅಡಿಗೆ ಹಾಕದೆ ಹಾರೆಯಿಂದ ಮೀಟಿ ನೋಡಿ. ಕಳೆದ ಸಲ ಚೇಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಕೂತಿತ್ತು.