ಸಂಡೂರು ಬೆಟ್ಟದಲ್ಲಿ ಬೇಸಿಗೆಯ ಚಿಟ್ಟೆ–ಆರ್ಕಿಡ್ ನಡಿಗೆ: ನಾವು ನಡೆಸುವ ಬಗೆ

ಬಳ್ಳಾರಿ ಜಿಲ್ಲೆಯ ಬೇಸಿಗೆಯಲ್ಲಿ ಈ ನಡಿಗೆಗೆ ಸಿಗುವುದು ಬೆಳಗಿನ ಮೂರೂವರೆ ತಾಸು ಮಾತ್ರ. ಹಕ್ಕಿ ನೋಡುವವರ ಹಾಗೆ ನಸುಕಿನಲ್ಲೇ ಕಾಡು ಹೊಕ್ಕು ಪ್ರಯೋಜನವಿಲ್ಲ. ಮೈ ಬಿಸಿಲಿಗೆ ಕಾಯ್ದ ಮೇಲೇ ಚಿಟ್ಟೆಗೆ ಹಾರಲು ಬರುವುದು. ಅದಲ್ಲದೆ ಸಂಡೂರು, ದರೋಜಿ ಸುತ್ತಿನ ಗುಡ್ಡಗಳು ಕರಡಿಯ ನೆಲೆ. ಮಬ್ಬುಬೆಳಕಿನಲ್ಲಿ ಅವು ಓಡಾಡುತ್ತಿರುತ್ತವೆ. ಹತ್ತೂವರೆ ದಾಟಿತೋ, ಚಿಟ್ಟೆಗಳೂ ನೆರಳು ಸೇರುತ್ತವೆ, ಜನರೂ ಬಸವಳಿಯುತ್ತಾರೆ. ಅದಕ್ಕೇ ಏಳಕ್ಕೆ ಹೊರಟು, ಮೊದಲ ತಾಸು ಆರ್ಕಿಡ್‌ಗೆ, ಉಳಿದದ್ದು ಚಿಟ್ಟೆಗೆ ಇಡುತ್ತೇವೆ.

ಭರಣಿ ಅಥವಾ ಕೃತ್ತಿಕಾ ಮಳೆ ಒಂದು ಸಲ ಚೆನ್ನಾಗಿ ಬಿದ್ದು ನಾಲ್ಕೈದು ದಿನ ಕಳೆದಿದ್ದರೆ ಅದೇ ಒಳ್ಳೆಯ ಹೊತ್ತು: ಚಿಗುರು ಇರುತ್ತದೆ, ಹಳ್ಳದ ಮರಳು ತೇವವಾಗಿರುತ್ತದೆ. ಮೀಸಲು ಅರಣ್ಯಕ್ಕೆ ಕಾಲಿಡುವ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಲಿಖಿತ ಅನುಮತಿ ಬೇಕೇ ಬೇಕು. ತಂಡದಲ್ಲಿ ಹತ್ತು ಮಂದಿ ಸಾಕು, ಮುಂದೊಬ್ಬರು, ಹಿಂದೊಬ್ಬರು. ಒಬ್ಬೊಬ್ಬರಿಗೂ ಎರಡು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ. ದಾರಿ ಹೋಗಿಬರಲು ಎರಡು ಕಿಲೋಮೀಟರ್ ಮೀರದಿರಲಿ. ದುರ್ಬೀನು 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ್ದು) ಒಳ್ಳೆಯದು, ಆದರೆ ಎರಡು ಮೀಟರ್ ಹತ್ತಿರದ್ದೂ ಸ್ಪಷ್ಟ ಕಾಣುವಂಥದ್ದೇ ಆಗಬೇಕು. ಹಕ್ಕಿಗೆಂದು ಕೊಂಡ ಎಷ್ಟೋ ದುರ್ಬೀನುಗಳು ಇಲ್ಲಿ ಸೋಲುತ್ತವೆ. ಅದಿರು ಲಾರಿಗಳ ರಸ್ತೆ ಬೇಡ. ಅಪಾಯ ಒಂದು ಕಡೆ, ಕೆಂಪು ಧೂಳು ಮೆತ್ತಿದ ಎಲೆಯಲ್ಲಿ ಮೊಟ್ಟೆ ಕಾಣುವುದೂ ಇಲ್ಲ.

ನಡಿಗೆಯ ಹಿಂದಿನ ದಿನ ಅದೇ ದಾರಿಯಲ್ಲಿ ಹೋಗಿ ಬರುವುದೇ ನಿಜವಾದ ಕೆಲಸ. ಆಗ ಚಿಟ್ಟೆ ಹುಡುಕುವುದಿಲ್ಲ, ಅವುಗಳ ಹುಳುಗಳು ತಿನ್ನುವ, ಅದಕ್ಕೇ ಅವು ಮೊಟ್ಟೆಯಿಡುವ ಗಿಡ ಗುರುತು ಹಾಕಿಕೊಳ್ಳುತ್ತೇವೆ. ಎಕ್ಕದ ಗಿಡವಿದ್ದರೆ ಪ್ಲೇನ್ ಟೈಗರ್, ಈಶ್ವರಿ ಬಳ್ಳಿಯಿದ್ದರೆ ಕ್ರಿಮ್ಸನ್ ರೋಸ್, ಬಿಲ್ವ ಅಥವಾ ನಿಂಬೆಯಿದ್ದರೆ ಲೈಮ್ ಬಟರ್‌ಫ್ಲೈ. ಕಕ್ಕೆ ಮರದ ಎಳೆ ಎಲೆ ಮಗುಚಿ ನೋಡಬೇಕು: ಕಾಮನ್ ಎಮಿಗ್ರಂಟ್ ಅಲ್ಲಿ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆ ಇಟ್ಟಿರುತ್ತದೆ. ಹಾರುವ ಚಿಟ್ಟೆ ಕೈಕೊಡಬಹುದು, ಮೊಟ್ಟೆ ಮಾರನೆಯ ದಿನವೂ ಅಲ್ಲೇ ಇರುತ್ತದೆ.

ಆರ್ಕಿಡ್ ಅಂದರೆ ಮಲೆನಾಡು ಎಂದುಕೊಂಡೇ ಹೆಚ್ಚಿನವರು ಬರುತ್ತಾರೆ. ಎಲೆ ಉದುರುವ ಒಣಕಾಡಿಗೂ ಒಗ್ಗಿದ ಆರ್ಕಿಡ್ ವಾಂಡಾ ಟೆಸ್ಸೆಲೇಟಾ. ಹಳೆಯ ಮಾವು, ಹುಣಸೆ, ಹಿಪ್ಪೆಗಳ ಒರಟು ತೊಗಟೆ ನೋಡಬೇಕು. ಕಂದು ಗೆರೆಗಳ ಜಾಲವಿರುವ ಹಳದಿ ದಳ, ನಡುವೆ ನೀಲಿ-ನೇರಳೆ ತುಟಿ. ಹೂವಿಲ್ಲದಿದ್ದರೂ ದಪ್ಪ ಬಿಳಿ ಬೇರುಗಳಿಂದ ಗೊತ್ತಾಗುತ್ತದೆ. ಕೈಗೆಟುಕುವ ಬೇರಿಗೆ ಸ್ಪ್ರೇ ಬಾಟಲಿಯಿಂದ ಒಂದೆರಡು ಸಲ ನೀರು ಹೊಡೆದರೆ ಬಿಳುಪು ಹೋಗಿ ಹಸಿರಾಗುತ್ತದೆ. ಹೊರಗಿನ ಸತ್ತ ಜೀವಕೋಶಗಳ ಪದರ ನೀರು ಹೀರಿ ಪಾರದರ್ಶಕವಾಗಿ, ಒಳಗಿನ ಹಸಿರು ಕಾಣುವುದರಿಂದ ಹೀಗೆ. ಮಕ್ಕಳಿದ್ದರೆ ಇದನ್ನು ತಪ್ಪದೆ ತೋರಿಸಿ.

ಅದೇ ಕೊಂಬೆಯಲ್ಲಿ ಬಂದಳಿಕೆಯೂ ಇದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಒಂದೇ ಎಂದು ಭಾವಿಸಿ ಆರ್ಕಿಡ್ ಕಿತ್ತೆಸೆಯುವವರಿದ್ದಾರೆ. ಬಂದಳಿಕೆ ಮರದ ಒಳಗೇ ಬೇರಿಳಿಸಿ ರಸ ಹೀರುತ್ತದೆ. ವಾಂಡಾ ತೊಗಟೆಯ ಮೇಲೆ ಕೂತಿರುತ್ತದೆ ಅಷ್ಟೇ. ಹಾಗೆಂದು ಬಂದಳಿಕೆಯೂ ಕಸವಲ್ಲ, ಕಾಮನ್ ಜೆಜೆಬೆಲ್ ಚಿಟ್ಟೆಯ ಹುಳುಗಳು ಬೆಳೆಯುವುದು ಅದರ ಎಲೆ ತಿಂದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ಸಂಗ್ರಹವಿಲ್ಲ. ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಮೊಳೆಯುತ್ತದೆ. ಹೀಗಾಗಿ ಕಿತ್ತ ಒಂದು ಗಿಡದ ಜಾಗ ಸುಲಭಕ್ಕೆ ತುಂಬುವುದಿಲ್ಲ.

ಎಂಟಕ್ಕೆ ಹಳ್ಳದ ಕಡೆ ತಿರುಗುತ್ತೇವೆ. ನಾರಿಹಳ್ಳದಂಥ ಕಡೆ ತೇವದ ಮರಳಲ್ಲಿ ಗುಂಪಾಗಿ ಉಪ್ಪಿನಂಶ ಹೀರುವವು ಹೆಚ್ಚಾಗಿ ಗಂಡು ಚಿಟ್ಟೆಗಳು. ಮೂರು ಮೀಟರ್ ದೂರದಲ್ಲೇ ಎಲ್ಲರೂ ಕುಕ್ಕರಗಾಲಲ್ಲಿ ಕೂರಬೇಕು, ಒಬ್ಬೊಬ್ಬರಾಗಿ ಮುಂದೆ ಸರಿಯಬೇಕು. ಗುಂಪು ಚದುರುವುದು ಮಾತಿಗಿಂತ ಹೆಚ್ಚಾಗಿ ಮೇಲೆ ಬೀಳುವ ನೆರಳಿಗೆ. ಸೂರ್ಯ ಬೆನ್ನಿಗಿರದಂತೆ ಪಕ್ಕದಿಂದ ಹೋಗಿ.

ಬ್ಲ್ಯಾಕ್ ರಾಜಾ ಚಿಟ್ಟೆ ಹೂವಿಗಿಂತ ಕೊಳೆತ ಹಣ್ಣಿಗೆ ಬರುತ್ತದೆ. ಕಳಿತ ಎರಡು ಬಾಳೆಹಣ್ಣಿಗೆ ನಿಂಬೆಗಾತ್ರದ ಬೆಲ್ಲ ಕಿವುಚಿ ಎರಡು ದಿನ ಹುಳಿ ಬರಿಸಿ, ಹುಣಸೆ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಸವರಿಡಬಹುದು. ಕರಡಿಗೂ ಇದು ಇಷ್ಟ. ಆದ್ದರಿಂದ ಊರಂಚಿನ ಮರದಲ್ಲಿ ಮಾತ್ರ ಹಚ್ಚಿ, ಹೊರಡುವಾಗ ನೀರು ಹಾಕಿ ಪೂರ್ತಿ ತೊಳೆಯಬೇಕು.

ಬಲೆ ತರಬಾರದು, ರೆಕ್ಕೆ ಮುಟ್ಟಬಾರದು. ಬಣ್ಣವೆಲ್ಲ ಉದುರುವ ಹುರುಪೆಗಳಲ್ಲೇ ಇದೆ. ಫೋಟೊಗಳನ್ನು ಐನ್ಯಾಚುರಲಿಸ್ಟ್‌ಗೆ (ಗಿಡ, ಪ್ರಾಣಿ ಕಂಡದ್ದನ್ನು ದಾಖಲಿಸುವ ಜಾಲತಾಣ) ಹಾಕುವಾಗ ಆರ್ಕಿಡ್‌ನ ನಿಖರ ಜಾಗ ಮರೆಮಾಡುವ ಆಯ್ಕೆ ಒತ್ತಿ. ವಾಟ್ಸಾಪ್ ಗುಂಪಿಗೆ ಲೊಕೇಶನ್ ಕಳಿಸಲೇಬೇಡಿ.