ಗೊನೆ ಮೂಡುವ ಮೊದಲೇ ಗೊಬ್ಬರ: ಕರಾವಳಿಯ ಬಾಳೆ ಬೆಳೆಗಾರರಿಗೆ

ಉಡುಪಿ, ಮಂಗಳೂರು ಸೀಮೆಯಲ್ಲಿ ಬಾಳೆಗೆ ಗೊಬ್ಬರ ಹಾಕುವ ನೆನಪಾಗುವುದು ಹೆಚ್ಚಾಗಿ ಗೊನೆ ಮೂಡಿದ ಮೇಲೆ. ಆದರೆ ಗೊನೆಗೆ ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎಂಬುದು ಪೂಂಬೆ (ಬಾಳೆಯ ಹೂಮೊಗ್ಗು) ಹೊರಗೆ ಕಾಣಿಸುವ ಎರಡು ಮೂರು ತಿಂಗಳು ಮೊದಲೇ ಗಿಡದೊಳಗೆ ನಿರ್ಧಾರವಾಗಿರುತ್ತದೆ. ಆಮೇಲೆ ಹಾಕಿದ ಗೊಬ್ಬರದಿಂದ ಕಾಯಿ ತುಂಬಿಕೊಳ್ಳಬಹುದೇ ಹೊರತು ಚಿಪ್ಪು ಹೆಚ್ಚಲಾರದು. ಆದ್ದರಿಂದ ಬಾಳೆಯ ಇಳುವರಿಗೆ ಗೊಬ್ಬರದ ಪ್ರಮಾಣದಷ್ಟೇ, ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತಲೂ ಹೆಚ್ಚಾಗಿ, ಅದನ್ನು ಕೊಡುವ ಹೊತ್ತು ಮುಖ್ಯ.

ನಮ್ಮ ಮಣ್ಣಿನ ಸ್ವಭಾವವನ್ನು ಮೊದಲು ಗಮನಿಸಬೇಕು. ಇಲ್ಲಿನ ಮುರಕಲ್ಲಿನ ಮಣ್ಣು ಹುಳಿ ಗುಣದ್ದು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಸುರಿಯುವ ಮಳೆಗೆ ಸಾರಜನಕವೂ ಪೊಟ್ಯಾಷೂ ಬೇರಿನ ಕೈಗೆ ಸಿಗದಂತೆ ಕೆಳಕ್ಕೆ ಇಳಿದುಹೋಗುತ್ತವೆ, ರಂಜಕವಾದರೋ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶಗಳ ಜೊತೆ ಸೇರಿ ಮಣ್ಣಿನಲ್ಲೇ ಬಂಧಿಯಾಗುತ್ತದೆ. ಜೂನ್, ಜುಲೈ ತಿಂಗಳ ಜಡಿಮಳೆಯಲ್ಲಿ ಯೂರಿಯಾ ಎರಚುವವರು ಅದನ್ನು ತಮ್ಮ ಬಾಳೆಗಿಂತ ಹೆಚ್ಚಾಗಿ ಪಕ್ಕದ ಕಣಿಗೆ (ನೀರು ಹರಿಯುವ ಕಾಲುವೆಗೆ) ಹಾಕುತ್ತಿರುತ್ತಾರೆ.

ನೀರಾವರಿ ಇರುವವರು ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ ಕಂದು (ತಾಯಿಗಿಡದ ಬುಡದಲ್ಲಿ ಮೂಡುವ ಮರಿ) ನೆಡುವುದು ಗೊಬ್ಬರದ ದೃಷ್ಟಿಯಿಂದ ಲಾಭಕರ. ಗುಂಡಿ ತೋಡಿದಾಗಲೇ ಮಣ್ಣಿನ ಹುಳಿ ತಗ್ಗಿಸಲು ಅರ್ಧ ಕಿಲೋದಷ್ಟು ಕೃಷಿ ಸುಣ್ಣ ಅಥವಾ ಡಾಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣಕಲ್ಲಿನ ಪುಡಿ) ಬೆರೆಸಿ, ಎರಡು ಮೂರು ವಾರ ಬಿಟ್ಟು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ 10 ಕಿಲೋ ಹಾಕಿ ನೆಡಬೇಕು. ಸುಣ್ಣದ ನಿಖರ ಪ್ರಮಾಣಕ್ಕೆ ಮಣ್ಣು ಪರೀಕ್ಷೆಯೇ ಆಧಾರ. ಬ್ರಹ್ಮಾವರದ ಸಂಶೋಧನಾ ಕೇಂದ್ರ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಈ ಬಗ್ಗೆ ವಿಚಾರಿಸಬಹುದು. ಸುಣ್ಣ, ಬೂದಿ ಇವೆರಡನ್ನೂ ಯೂರಿಯಾದ ಜೊತೆಗೆ ಹಾಕಬಾರದು, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಸೊಪ್ಪು, ತರಗೆಲೆಗಳ ಜೊತೆ ಮಣ್ಣನ್ನು ಸುಟ್ಟು ಮಾಡುವ ನಮ್ಮ ಹಿರಿಯರ ಸುಡುಮಣ್ಣು ಪೊಟ್ಯಾಷ್ ಒದಗಿಸುವುದು ನಿಜ. ಆದರೆ ಅವುಗಳಲ್ಲಿದ್ದ ಸಾರಜನಕ ಬೆಂಕಿಯಲ್ಲೇ ಕಳೆದುಹೋಗಿರುತ್ತದೆ, ಹಾಗಾಗಿ ಅದೊಂದನ್ನೇ ನಂಬಿ ಕೂರುವಂತಿಲ್ಲ.

ರಾಜ್ಯದಲ್ಲಿ ಬಾಳೆಗೆ ರೂಢಿಯಲ್ಲಿರುವ ಶಿಫಾರಸು ಗಿಡವೊಂದಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್. ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 390 ಗ್ರಾಂ ಯೂರಿಯಾ, 540 ಗ್ರಾಂ ಶಿಲಾರಂಜಕ (ರಾಕ್ ಫಾಸ್ಫೇಟ್), 375 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್. ಅಡಿಕೆ ಮರಕ್ಕೆ ಹೇಳುವುದು ಇದೇ ಕ್ರಮದಲ್ಲಿ 100, 40, 140 ಗ್ರಾಂ ಮಾತ್ರ. ಅಡಿಕೆಗೆ ಹಾಕಿದ್ದರಲ್ಲಿ ನಡುವಿನ ಬಾಳೆಯೂ ಬದುಕಿಕೊಳ್ಳುತ್ತದೆ ಎಂದು ಭಾವಿಸುವವರು ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಶಿಲಾರಂಜಕ ಕರಗುವುದಕ್ಕೆ ಮಣ್ಣಿನ ಹುಳಿಯೇ ಬೇಕಾದ್ದರಿಂದ ಅದನ್ನು ಸುಣ್ಣದ ಜೊತೆ ಬೆರೆಸದೆ, ಮೊದಲ ಎರಡು ಕಂತುಗಳಲ್ಲಿ ಬುಡದ ಸುತ್ತ ಕೊಟ್ಟು ಮುಗಿಸಬೇಕು. ಯೂರಿಯಾ ಮತ್ತು ಪೊಟ್ಯಾಷನ್ನು ಆರು ಸಮಕಂತು ಮಾಡಿ, ಪ್ರತಿ ಸಲ 65 ಗ್ರಾಂ ಹಾಗೂ 62 ಗ್ರಾಂನಂತೆ, ನೆಟ್ಟ ಒಂದನೆಯ ತಿಂಗಳಿನಿಂದ ಐದನೆಯ ತಿಂಗಳವರೆಗೆ ಐದು ಕಂತು, ಗೊನೆ ಮೂಡಿದ ಕೂಡಲೆ ಆರನೆಯದು. ನೇಂದ್ರ ತಳಿಗೆ ಈ ಲೆಕ್ಕ ಸರಿಹೋಗುತ್ತದೆ. ತಡವಾಗಿ ಗೊನೆ ಹಾಕುವ ತಳಿಗಳಿಗೆ ಕಂತುಗಳ ನಡುವಿನ ಅಂತರವನ್ನು ಸ್ವಲ್ಪ ಹಿಗ್ಗಿಸಿಕೊಳ್ಳಬೇಕು. ಮೇ ತಿಂಗಳಲ್ಲಿ ನೆಟ್ಟವರು ಮಳೆಗಾಲದಲ್ಲಿ ಬಿಡುವು ನೋಡಿ ಸಣ್ಣ ಕಂತು ಕೊಟ್ಟು, ಉಳಿದುದನ್ನು ಸೆಪ್ಟೆಂಬರ್‌ನ ನಂತರಕ್ಕೆ ಇಟ್ಟುಕೊಳ್ಳುವುದು ಲೇಸು. ಬಾಳೆಯ ಬೇರು ಮೇಲ್ಮಣ್ಣಿನಲ್ಲೇ ಹಬ್ಬುವುದರಿಂದ ಆಳವಾಗಿ ಅಗೆಯಬಾರದು. ಬುಡದಿಂದ ಒಂದೂವರೆ ಅಡಿ ದೂರದಲ್ಲಿ ಉಂಗುರದಂತೆ ಹರಡಿ, ಮಣ್ಣು ಮುಚ್ಚಿ, ಅಂದೇ ನೀರು ಬಿಡಬೇಕು.

ಗಿಡವು ತನ್ನ ಕೊರತೆಯನ್ನು ಎಲೆಯಲ್ಲಿ ತೋರಿಸುತ್ತದೆ. ಎಲ್ಲ ಎಲೆಗಳೂ ಬಿಳಿಚಿಕೊಂಡು ಹೊಸ ಎಲೆ ತಡವಾಗಿ ಬಂದರೆ ಸಾರಜನಕ ಸಾಲದು. ಹಳೆಯ ಎಲೆ ತುದಿಯಿಂದ ಕಿತ್ತಳೆ ಛಾಯೆಯ ಹಳದಿಗೆ ತಿರುಗಿ ಬೇಗ ಒಣಗಿದರೆ ಪೊಟ್ಯಾಷ್ ಸಾಲದು. ಎಲೆಯಂಚು ಹಸಿರಾಗಿಯೇ ಉಳಿದು ನಡುಭಾಗ ಹಳದಿಯಾದರೆ ಮೆಗ್ನೀಸಿಯಂ ಕೊರತೆ. ಪೊಟ್ಯಾಷನ್ನೇ ಮಿತಿಮೀರಿ ಸುರಿದ ತೋಟದಲ್ಲೂ ಇದು ಕಾಣಿಸುತ್ತದೆ, ಇಂಥಲ್ಲಿ ಡಾಲೊಮೈಟ್ ಒಳ್ಳೆಯದು. ಆದರೆ ಹಳೆಯ ಎಲೆ ಹಳದಿಯಾದದ್ದೆಲ್ಲ ಹಸಿವಲ್ಲ. ಕಾಂಡವನ್ನು ಕೊಯ್ದಾಗ ಒಳಗೆ ಕೆಂಗಂದು ಎಳೆಗಳು ಕಂಡರೆ ಅದು ಪನಾಮಾ ಸೊರಗು ರೋಗ. ಅದಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ, ಆ ಬುಡದ ಕಂದನ್ನು ಬೇರೆಡೆ ನೆಡಲೂಬಾರದು.

ಸೂಕ್ಷ್ಮ ಪೋಷಕಾಂಶಗಳಿಗೆ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಬಾಳೆ ಸ್ಪೆಷಲ್’ ಎಂಬ ಮಿಶ್ರಣ ಇದೆ. ಲೀಟರಿಗೆ 5 ಗ್ರಾಂ ಬೆರೆಸಿ, ಐದನೆಯ ತಿಂಗಳಿನಿಂದ ತಿಂಗಳಿಗೊಮ್ಮೆ ಎಲೆಗೆ ಸಿಂಪಡಿಸಬೇಕು. ಅದೇ ಸಂಸ್ಥೆಯ ಇನ್ನೊಂದು ಕ್ರಮ ಗೊನೆಗೇ ಉಣ್ಣಿಸುವುದು. ಚಿಪ್ಪುಗಳೆಲ್ಲ ಬಿಡಿಸಿಕೊಂಡ ಮೇಲೆ ಪೂಂಬೆಯನ್ನು ಕೊಯ್ದು (ಅದು ಹೇಗೂ ಅಡುಗೆಮನೆಗೆ ಬೇಕಾದದ್ದೇ), ಉಳಿದ ದಂಟಿನ ತುದಿಗೆ ಅರ್ಧ ಕಿಲೋ ಹಸಿ ಸಗಣಿ, 7.5 ಗ್ರಾಂ ಯೂರಿಯಾ, 7.5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, 100 ಮಿ.ಲೀ. ನೀರು ಕಲಸಿದ ಮಿಶ್ರಣವನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಟ್ಟುತ್ತಾರೆ. ನೂರಾರು ಗಿಡಗಳ ತೋಟದಲ್ಲಿ ಆಳು ಸಿಗದೆ ಇದು ತ್ರಾಸದಾಯಕವೇ. ಹಿತ್ತಲಿನ ಹತ್ತು ಗಿಡಕ್ಕೆ ಧಾರಾಳವಾಗಿ ಮಾಡಬಹುದು.

ಗೊನೆ ಕಡಿದ ಮೇಲೆ ಕಾಂಡವನ್ನು ಹೊರಕ್ಕೆ ಎಸೆಯದೆ, ತುಂಡರಿಸಿ ಅಲ್ಲೇ ಬುಡಕ್ಕೆ ಹಾಸಬೇಕು. ಅದರೊಳಗಿನ ಪೊಟ್ಯಾಷ್ ಮುಂದಿನ ಕಂದಿಗೆ ಸಲ್ಲುತ್ತದೆ.